12/3 ಸರ್ವೆ ನಂಬರು ಮಾರ್ಚ್ 12 ಆದ ಕತೆ

ನಿಮ್ಮ ಜಮೀನಿನ ಸರ್ವೆ ನಂಬರು 12, ಹಿಸ್ಸಾ 3 ಎಂದಿಟ್ಟುಕೊಳ್ಳಿ. ಊರಲ್ಲಿ ಎಲ್ಲರೂ ‘ಹನ್ನೆರಡು ಬಾರ್ ಮೂರು’ ಅನ್ನುತ್ತಾರೆ. ಬರೆಯುವಾಗ 12/3. ಈಗ ಯಾವುದೋ ಪರಿಹಾರದ ಪಟ್ಟಿ ಬರುತ್ತದೆ, ವಾಟ್ಸಾಪ್‌ನಲ್ಲಿ ಎಕ್ಸೆಲ್ ಫೈಲು. ನಿಮ್ಮ ಹೆಸರು ಹುಡುಕುತ್ತೀರಿ, ಸಿಗುತ್ತದೆ. ಪಕ್ಕದ ಚೌಕದಲ್ಲಿ ಸರ್ವೆ ನಂಬರು ಇರಬೇಕಾದ ಕಡೆ ‘12-ಮಾರ್ಚ್’ ಅಂತಿರುತ್ತದೆ. ಕೆಳಗಿನ ಸಾಲಿನವರದು ‘5-ಫೆಬ್ರವರಿ’. ಅದರ ಕೆಳಗಿನದು 45/2, ಅದು ಮಾತ್ರ ಸರಿಯಾಗಿದೆ, ಯಾಕೆಂದರೆ ಯಾವ ತಿಂಗಳಲ್ಲೂ 45ನೇ ತಾರೀಖು ಇಲ್ಲ.

ಇದನ್ನು ಯಾರೋ ಬೇಕಂತಲೇ ತಿದ್ದಿದ್ದಾರೆ ಎಂದು ಜಗಳಕ್ಕೆ ಹೋದವರನ್ನು ನಾನು ನೋಡಿದ್ದೇನೆ. ಯಾರೂ ತಿದ್ದಿರುವುದಿಲ್ಲ. ಡಾಟಾಬೇಸ್‌ನಲ್ಲಿ ಸರಿಯಾಗಿದ್ದದ್ದು ಸ್ಪ್ರೆಡ್‌ಶೀಟ್‌ಗೆ ದಾಟುವಾಗ ಹಾಗಾಗಿರುತ್ತದೆ. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ದಾಟುವ ಈ ಕೆಲಸ ಕಂಪ್ಯೂಟರ್ ಬರುವ ಮೊದಲೇ ಇತ್ತು. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವಕ್ಕಿರುವ ಕೆ.ಆರ್. ಪುರದ ಸೀಮೆಯಲ್ಲಿ ಅದು ಹಲವು ಸಲ ಆಗಿದೆ. ಪ್ರತಿ ಸಲವೂ ಏನೋ ಒಂದು ಕಳೆದುಹೋಗಿದೆ, ಯಾರಿಗೋ ಏನೋ ಒಂದು ಸಿಕ್ಕಿದೆ.

ಮೊದಲಿಗೆ ಕಡತ. ಇವತ್ತು ಕಚೇರಿಯ ಫೈಲಿಗೆ ನಾವು ಕಡತ ಅನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಪುಸ್ತಕದಂತೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಶ್ಯಾನುಭೋಗರ ಲೆಕ್ಕ, ಅಂಗಡಿಯವರ ಲೆಕ್ಕ ಎಲ್ಲ ಅದರಲ್ಲೇ. ಅದರ ಒಂದು ಗುಣ ನೋಡಿ: ಬೇಡವಾದ ಸಾಲನ್ನು ಒರೆಸಿ ಮತ್ತೆ ಬರೆಯಬಹುದು. ಬಳಪದ ಗೆರೆ ಒರೆಸಿದರೆ ಯಾವತ್ತು ಯಾರು ಒರೆಸಿದರು ಎಂಬ ಗುರುತು ಉಳಿಯುವುದಿಲ್ಲ. ಸ್ಪ್ರೆಡ್‌ಶೀಟ್‌ನ ಗುಣವೂ ಹೆಚ್ಚುಕಡಿಮೆ ಇದೇ.

ಕಡತದಿಂದ ಕಾಗದಕ್ಕೆ ಬಂದ ಮೇಲೂ ಪುಸ್ತಕ ಶ್ಯಾನುಭೋಗರ ಮನೆಯಲ್ಲೇ ಇರುತ್ತಿತ್ತು. ಆ ಕೆಲಸ ವಂಶಪಾರಂಪರ್ಯವಾಗಿದ್ದರಿಂದ ಅಪ್ಪನ ಪುಸ್ತಕ ಮಗನಿಗೆ. ಯಾರ ಹೊಲ ಎಲ್ಲಿಂದ ಎಲ್ಲಿಗೆ, ಯಾವ ತಕರಾರು ಯಾವ ಕಾಲದ್ದು, ಎಲ್ಲಾ ಒಂದು ಮನೆಗೆ ಗೊತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಬಂದು ಆ ಪದ್ಧತಿ ಹೋಯಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂ ಕಂದಾಯ ಕಾಯ್ದೆಯ ಬಳಿಕ ನಾವು ಇವತ್ತು ನೋಡುವ ಪಹಣಿ ರೂಪಕ್ಕೆ ಬಂತು. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹನ್ನೊಂದರಲ್ಲಿ ಸಾಲ-ಋಣ, ಹನ್ನೆರಡರಲ್ಲಿ ಬೆಳೆ. ಹಳ್ಳಿಯಲ್ಲಿ ಓದು ಬಾರದವರಿಗೂ ಒಂಬತ್ತು ಮತ್ತು ಹನ್ನೊಂದನೇ ಕಾಲಂ ಅಂದರೆ ಏನು ಅಂತ ಗೊತ್ತಿರುತ್ತದೆ.

ದಂಡಿನ ಕಡೆಯ ಕತೆ ಬೇರೆ. 1809ರ ಹೊತ್ತಿಗೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಬಂದು ಹಲಸೂರಿನ ಪಕ್ಕ ನೆಲೆಯೂರಿತು. 1881ರಲ್ಲಿ ಮೈಸೂರನ್ನು ಒಡೆಯರಿಗೆ ವಾಪಸು ಕೊಟ್ಟಾಗಲೂ ಈ ಭಾಗವನ್ನು, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅನ್ನು, ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅಲ್ಲಿನ ಮುನ್ಸಿಪಾಲಿಟಿ ಬೇರೆ, ಪೊಲೀಸು ಬೇರೆ, ದಫ್ತರು ಇಂಗ್ಲಿಷಿನಲ್ಲಿ. ಪೇಟೆ ಕಡೆಯ ಮುನ್ಸಿಪಾಲಿಟಿಯ ಲೆಕ್ಕ ಮೈಸೂರು ಸರ್ಕಾರದ ಕೆಳಗೆ. ಇವತ್ತಿನ ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ. ಅಲ್ಲಿ ಮನೆಗಳು ಡಿವಿಷನ್, ರಸ್ತೆ, ಬಾಗಿಲ ನಂಬರಿನ ಲೆಕ್ಕದಲ್ಲಿ. ಆಚೆ ಕೆ.ಆರ್. ಪುರ, ಹೂಡಿ, ವರ್ತೂರು, ಬಿದರಹಳ್ಳಿ ಕಡೆ ಎಕರೆ-ಗುಂಟೆಯ ಲೆಕ್ಕದಲ್ಲಿ. ಕೆಲವು ಮೈಲಿಯ ಅಂತರದಲ್ಲಿ ನೆಲಕ್ಕೆ ಎರಡು ಭಾಷೆ.

1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರ ಡಿಸೆಂಬರ್‌ನಲ್ಲಿ ಎರಡೂ ಮುನ್ಸಿಪಾಲಿಟಿಗಳನ್ನು ಕೂಡಿಸಿ ಒಂದು ಕಾರ್ಪೊರೇಷನ್ ಮಾಡಿದರು. ಎರಡು ಊರು ಒಂದಾಯಿತು ಎಂದು ಪುಸ್ತಕಗಳು ಒಂದೇ ಸಾಲಲ್ಲಿ ಹೇಳಿ ಮುಗಿಸುತ್ತವೆ. ಆದರೆ ಗುಮಾಸ್ತರ ಮೇಜಿನ ಮೇಲೆ ಏನಾಗಿರಬೇಕು? ಎರಡು ಬಗೆಯ ರಿಜಿಸ್ಟರು, ಎರಡು ಬಗೆಯ ನಂಬರು, ಎರಡು ಬಗೆಯ ಹೆಸರಿನ ಕಾಗುಣಿತ. ನನ್ನ ಪ್ರಕಾರ ಊರು ಒಂದಾಗುವುದು ಅಂದರೆ ನಿಜವಾಗಿ ಆ ರಿಜಿಸ್ಟರುಗಳು ಒಂದಾಗುವುದು. ಉಳಿದದ್ದು ಭಾಷಣ.

ಈಗ ಯಂತ್ರದ ಕಡೆಗೆ ಬರೋಣ. ಡಾಟಾಬೇಸ್ ಮತ್ತು ಸ್ಪ್ರೆಡ್‌ಶೀಟ್ ಎರಡೂ ನೋಡಲು ಸಾಲು-ಕಾಲಂಗಳ ಪಟ್ಟಿಯೇ, ಆದರೆ ಹುಟ್ಟಿನಲ್ಲೇ ಬೇರೆ. ಡಾಟಾಬೇಸ್ ಉಗ್ರಾಣ ಇದ್ದ ಹಾಗೆ. ಬೀಗ ಇದೆ, ಕಾವಲು ಇದೆ, ಯಾವ ಮೂಟೆ ಯಾವ ಜಾಗದಲ್ಲಿ ಅಂತ ಮೊದಲೇ ನಿಗದಿಯಾಗಿದೆ. ‘ಈ ಕಾಲಂನಲ್ಲಿ ಅಕ್ಷರ ಮಾತ್ರ, ಈ ಕಾಲಂನಲ್ಲಿ ತಾರೀಖು ಮಾತ್ರ’ ಎಂದು ಹೇಳಿದ ಮೇಲೆ ಅದು ಕೇಳುತ್ತದೆ. ಇಂಥ ಪಟ್ಟಿಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಲೆಕ್ಕಾಚಾರವನ್ನು ಐಬಿಎಂ ಕಂಪನಿಯ ಎಡ್ಗರ್ ಕಾಡ್ 1970ರಲ್ಲಿ ಬರೆದರು. ಸ್ಪ್ರೆಡ್‌ಶೀಟ್ ಹಾಗಲ್ಲ, ಅದು ಅಂಗಡಿಯ ಮುಂದೆ ಹಾಸಿದ ಚಾಪೆ. ಯಾರು ಬೇಕಾದರೂ ಬಂದು ಕೂತು ಕಾಳು ಹರಡಿ ಎಣಿಸಬಹುದು. 1979ರಲ್ಲಿ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ತಂದ ವಿಸಿಕ್ಯಾಲ್ಕ್ ಇದರ ಮೊದಲ ಯಶಸ್ಸು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್. ಬೆಂಗಳೂರಿನವರೂ ಸುಮ್ಮನಿರಲಿಲ್ಲ. 80ರ ದಶಕದಲ್ಲಿ ವಿಪ್ರೋ ಕಂಪನಿ ತನ್ನದೇ ಒಂದು ಸ್ಪ್ರೆಡ್‌ಶೀಟ್ ಮಾಡಿತು. ಹೆಸರು ‘ವಿಪ್ರೋ 456’. ಒಂದು-ಎರಡು-ಮೂರಾದ ಮೇಲೆ ನಾಲ್ಕು-ಐದು-ಆರು!

ಅದೇ ಕಾಲಕ್ಕೆ, 1985ರಲ್ಲಿ, ದಂಡು ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಕೂತಿತು. ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಅಮೆರಿಕಕ್ಕೆ ಕಳಿಸಲು ಡಿಷ್ ಬೇಕಿತ್ತು. ಅದರ ಉಪಕರಣ ಎತ್ತಿನ ಗಾಡಿಯಲ್ಲಿ ಬಂತು ಎಂದು ಈಗಲೂ ಹೇಳುತ್ತಾರೆ. ಎತ್ತಿನ ಗಾಡಿಯ ಮಾತು ಬಂದಾಗ ನಗರದವರು ನಗುತ್ತಾರೆ, ನಮ್ಮೂರಿನವರು ಮಾತ್ರ ‘ಎತ್ತಿನ ಜೋಡಿ ಯಾವ ಊರದ್ದೋ’ ಅಂತ ಕೇಳುತ್ತಾರೆ. ಬೆಂಗಳೂರಿನಿಂದ ಹೊರದೇಶಕ್ಕೆ ತಂತಿಯಿಲ್ಲದೆ ಡಾಟಾ ಹೋಗಲು ಶುರುವಾದದ್ದು ಹಾಗೆ. ಆದರೆ ಅಲ್ಲಿಂದ ಕೆಲವೇ ಮೈಲಿ ದೂರದ ಕೆ.ಆರ್. ಪುರದಲ್ಲಿ ಪಹಣಿ ಇನ್ನೂ ಕೈಬರಹದಲ್ಲೇ ಇತ್ತು, ಇನ್ನೂ 15 ವರ್ಷ ಹಾಗೇ ಇರಲಿತ್ತು. ಅದೇ ಕೆ.ಆರ್. ಪುರದ ದೂರವಾಣಿನಗರದಲ್ಲಿ 1948ರಿಂದ ದೇಶಕ್ಕೆಲ್ಲ ಟೆಲಿಫೋನ್ ತಯಾರಾಗುತ್ತಿತ್ತು ಎಂಬುದೂ ನೆನಪಿರಲಿ.

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಆಗ ದೊಡ್ಡ ಸಮಸ್ಯೆ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಿಮ್ಮ ಫೋನಿನಲ್ಲಿ ಇವತ್ತಿಗೂ ಕಾಣುವ ವಿಚಿತ್ರ ಗುರುತುಗಳ ಮೂಲ ಇದೇ.

80ರ ದಶಕದ ಕೊನೆಗೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಕಾರ್ಡು ಬಂತು. ಅದನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದರೆ ಡಿಬೇಸ್‌ನಂಥ ಡಾಟಾಬೇಸ್ ಪ್ರೋಗ್ರಾಂಗಳಲ್ಲೂ ಭಾರತೀಯ ಲಿಪಿ ಮೂಡುತ್ತಿತ್ತು. ಅದರ ಹಿಂದೆ ‘ಇಸ್ಕಿ’ ಎಂಬ ಸಂಕೇತ ಪದ್ಧತಿ, 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಒಪ್ಪಿಗೆ ಪಡೆದದ್ದು. ಇಸ್ಕಿ ಉಳಿಸುತ್ತಿದ್ದದ್ದು ಅಕ್ಷರವನ್ನು. ‘ಕ’ ಅಂದರೆ ಒಂದು ಸಂಖ್ಯೆ, ‘ಖ’ ಅಂದರೆ ಮುಂದಿನ ಸಂಖ್ಯೆ. ಹಾಗಾಗಿ ಅಕಾರಾದಿಯಾಗಿ ಜೋಡಿಸು ಎಂದರೆ ಜೋಡಿಸುತ್ತಿತ್ತು.

ಆಮೇಲೆ ವಿಂಡೋಸ್ ಬಂತು. ಎಲ್ಲರೂ ಫಾಂಟುಗಳ ಹಿಂದೆ ಹೋದರು. ಫಾಂಟು ಪದ್ಧತಿಯಲ್ಲಿ ಉಳಿಯುವುದು ಅಕ್ಷರವಲ್ಲ, ಆಕಾರ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು, ಅಷ್ಟೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಸರ್ಕಾರ ನುಡಿಯನ್ನು ಒಪ್ಪಿಕೊಂಡಿತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಊರೂರಿಗೆ ತಲುಪಿತು. ಕನ್ನಡಕ್ಕೆ ಇವರೆಲ್ಲ ಮಾಡಿದ ಉಪಕಾರ ಸಣ್ಣದಲ್ಲ. ಟೈಪಿಂಗ್ ಕಲಿತ ಹಳ್ಳಿ ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿದ್ದು ನುಡಿಯಿಂದ. ಆದರೆ ಆ ಕಾಲದಲ್ಲಿ ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಓರೆಗೀಟು ಇರುವ ಎ, ಆಮೇಲೆ ಪೌಂಡು ನಾಣ್ಯದ ಗುರುತು. ನುಡಿ ಫಾಂಟು ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತಿತ್ತು. ಆ ಫೈಲನ್ನು ಎಕ್ಸೆಲ್‌ಗೆ ದಾಟಿಸಿ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಪೌಂಡು, ಓರೆಗೀಟು, ಪಿ. ಅಕಾರಾದಿ ಮಾಡಿಸಿದರೆ ಇಂಗ್ಲಿಷಿನ ಕ್ರಮದಲ್ಲಿ ಜೋಡಿಸುತ್ತಿತ್ತು.

ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಅದು ಸಾಮಾನ್ಯರ ಯಂತ್ರಕ್ಕೂ ಬಂತು. ಆದರೂ ಕಚೇರಿಗಳು ಹಳೇ ಪದ್ಧತಿ ಬಿಡಲು ಮುಂದಿನ ದಶಕ ಹಿಡಿಯಿತು. ಅಷ್ಟರಲ್ಲಿ ರಾಶಿ ರಾಶಿ ಪಟ್ಟಿಗಳು ಹಳೇ ಸಂಕೇತದಲ್ಲಿ ಸೇರಿಹೋಗಿದ್ದವು.

ಇದೆಲ್ಲದರ ನಡುವೆಯೇ ‘ಭೂಮಿ’ ಬಂದದ್ದು. 2000ದ ಸುಮಾರಿಗೆ ಶುರುವಾಗಿ 2002ರ ಹೊತ್ತಿಗೆ ಆಗಿನ 177 ತಾಲೂಕುಗಳಿಗೂ ತಲುಪಿತು. ಹಿರಿಯ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದರು, ಸಾಫ್ಟ್‌ವೇರ್ ಎನ್ಐಸಿಯದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಏರಿಸಲಾಯಿತು. ಟೈಪು ಮಾಡಿದ್ದು ಖಾಸಗಿ ಏಜೆನ್ಸಿಗಳ ಹುಡುಗರು, ತಾಳೆ ನೋಡಿದ್ದು ಗ್ರಾಮ ಲೆಕ್ಕಿಗರು. ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಘೋಷಣೆಯಾಯಿತು. ಆಗ ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಡಾಟಾಬೇಸ್‌ಗೆ ಕೈ ಹಾಕಬೇಕು, ಮ್ಯುಟೇಶನ್ ಅರ್ಜಿ ಮೊದಲು ಬಂದದ್ದು ಮೊದಲು. ಬೆಂಗಳೂರು ಪೂರ್ವ ತಾಲೂಕಿನ ಕೆ.ಆರ್. ಪುರ, ಬಿದರಹಳ್ಳಿ, ವರ್ತೂರು ಹೋಬಳಿಗಳ ಲೆಕ್ಕವೂ ಇದೇ ಡಾಟಾಬೇಸ್‌ಗೆ ಸೇರಿದ್ದು.

ಪಹಣಿಯಲ್ಲಿ ಸರ್ವೆ ನಂಬರಿನ ನಡುವೆ ಒಂದು ನಕ್ಷತ್ರ ಇರುವುದನ್ನು ನೋಡಿದ್ದೀರಲ್ಲ, 12/*/3 ಅಂತ? ಆ ನಕ್ಷತ್ರದ ಜಾಗ ಸರ್ನೋಕ್ ಎಂಬ ಕಾಲಂನದು. ಸರ್ವೆ, ಸರ್ನೋಕ್, ಹಿಸ್ಸಾ ಅಂತ ಮೂರು ಬೇರೆ ಬೇರೆ ಕಾಲಂಗಳು. ನಕ್ಷತ್ರ ಇರುವವರೆಗೆ ಎಕ್ಸೆಲ್‌ಗೂ ಅದು ತಾರೀಖಲ್ಲ ಎಂದು ಗೊತ್ತಾಗುತ್ತದೆ. ಯಾರೋ ಅಂದವಾಗಿ ಕಾಣಲೆಂದು ನಕ್ಷತ್ರ ತೆಗೆದು 12/3 ಎಂದು ಜೋಡಿಸಿ ಸಿಎಸ್‌ವಿ ಫೈಲಾಗಿ ಹೊರತೆಗೆದರೆ ತೊಂದರೆ ಶುರು.

ಸಿಎಸ್‌ವಿ ಅಂದರೆ ಬರೀ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಅಕ್ಷರಗಳು. ಒಳಗಿರುವುದು ತಾರೀಖೋ ನಂಬರೋ ಹೆಸರೋ ಎಂಬ ಚೀಟಿ ಅದರಲ್ಲಿ ಇರುವುದಿಲ್ಲ. ಉಗ್ರಾಣದಿಂದ ಮೂಟೆ ಬಂತು, ಮೂಟೆಯ ಮೇಲಿನ ಚೀಟಿ ಅಲ್ಲೇ ಉಳಿಯಿತು. ಎಕ್ಸೆಲ್ ಊಹೆ ಮಾಡುತ್ತದೆ. 12/3 ಕಂಡರೆ ಭಾರತದ ಸೆಟ್ಟಿಂಗ್ ಇರುವ ಯಂತ್ರದಲ್ಲಿ ಮಾರ್ಚ್ 12, ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ವರ್ಷ? ನೀವು ಫೈಲು ತೆರೆದ ವರ್ಷ. 2024ರಲ್ಲಿ ತೆರೆದಿದ್ದರೆ ಅದರೊಳಗೆ ಉಳಿಯುವುದು 45363 ಎಂಬ ಸಂಖ್ಯೆ, ಯಾಕೆಂದರೆ ಎಕ್ಸೆಲ್ ದಿನಗಳನ್ನು 1900ರ ಜನವರಿ 1ರಿಂದ ಎಣಿಸುತ್ತದೆ. ಯಾರೋ ಜಾಣರು ‘ತಾರೀಖು ಬೇಡ, ನಂಬರು ಮಾಡು’ ಎಂದರೆ ನಿಮ್ಮ ಹೊಲ ಸರ್ವೆ ನಂಬರು 45363 ಆಗುತ್ತದೆ. ಅಷ್ಟು ಸರ್ವೆ ನಂಬರು ಇರುವ ಊರು ಯಾವುದು ಹೇಳಿ! (ಆ ಎಣಿಕೆಯಲ್ಲೂ ಒಂದು ದಿನ ಹೆಚ್ಚಿದೆ. 1900 ಅಧಿಕ ವರ್ಷವಲ್ಲ, ಆದರೆ ಲೋಟಸ್ 1-2-3 ಅದಕ್ಕೆ ಫೆಬ್ರವರಿ 29 ಕೊಟ್ಟಿತ್ತು. ಲೋಟಸ್‌ನ ಫೈಲುಗಳು ಹೊಂದಲಿ ಎಂದು ಎಕ್ಸೆಲ್ ಆ ತಪ್ಪನ್ನೂ ಹಾಗೇ ಇಟ್ಟುಕೊಂಡಿದೆ.)

ದಂಡಿನ ಕಡೆಯವರಿಗೂ ಇದು ತಪ್ಪಿದ್ದಲ್ಲ. ಪಾಲಿಕೆಯ ಆಸ್ತಿ ತೆರಿಗೆಯ ಪಿಐಡಿ ನಂಬರು ವಾರ್ಡು, ರಸ್ತೆ, ನಿವೇಶನ ಈ ಮೂರನ್ನು ಅಡ್ಡಗೆರೆಯಿಂದ ಜೋಡಿಸಿದ್ದು. 10-5-22 ಎಂಬ ಪಿಐಡಿ ಇದ್ದರೆ ಎಕ್ಸೆಲ್‌ಗೆ ಅದು 2022ರ ಮೇ ತಿಂಗಳ 10ನೇ ತಾರೀಖು.

ತಾರೀಖಿನ ತಪ್ಪು ಕಣ್ಣಿಗೆ ಕಾಣುತ್ತದೆ, ಕಂಡರೆ ಸರಿಮಾಡಬಹುದು. ಕಣ್ಣಿಗೆ ಕಾಣದ ತಪ್ಪು ಗುಂಟೆಯದು. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. 2 ಎಕರೆ 20 ಗುಂಟೆಯನ್ನು 2.20 ಎಂದು ಬರೆಯುವ ರೂಢಿ. ಎಕ್ಸೆಲ್‌ಗೆ ಕೊನೆಯ ಸೊನ್ನೆ ವ್ಯರ್ಥ, ಅದು 2.2 ಎಂದು ತೋರಿಸುತ್ತದೆ. ಓದುವವರು 2 ಎಕರೆ 2 ಗುಂಟೆ ಎಂದು ಓದಿದರೆ 18 ಗುಂಟೆ ಹೋಯಿತು. ಕೂಡಿಸುವಾಗ ಇನ್ನೂ ಕಷ್ಟ. ಅಣ್ಣನದು 1.30, ತಮ್ಮನದು 1.30. ಊರಿನ ಲೆಕ್ಕದಲ್ಲಿ ಇಬ್ಬರದೂ ಸೇರಿ 3 ಎಕರೆ 20 ಗುಂಟೆ. ಶೀಟಿನ ಲೆಕ್ಕದಲ್ಲಿ 2.60. ಒಂದು ಹಳ್ಳಿಯ ಇನ್ನೂರು ಸಾಲುಗಳನ್ನು ಹೀಗೆ ಕೂಡಿಸಿ ಕೆಳಗೆ ‘ಒಟ್ಟು’ ಎಂದು ಬರೆದ ಶೀಟನ್ನು ನನಗೂ ಒಂದು ಕಚೇರಿಯವರು ಕೊಟ್ಟಿದ್ದಾರೆ. ಕೇಳಿದರೆ ‘ಕಂಪ್ಯೂಟರ್ ಮಾಡಿದ್ದು ಸಾರ್’ ಎಂಬ ಉತ್ತರ. ಶ್ಯಾನುಭೋಗರ ಕಾಲದಲ್ಲಿ ಎರಡನೇ ತರಗತಿ ಹುಡುಗನೂ ಈ ತಪ್ಪು ಮಾಡುತ್ತಿರಲಿಲ್ಲ.

ಆಧಾರ್ ನಂಬರಿಗೆ 12 ಅಂಕಿ. ಎಕ್ಸೆಲ್‌ನ ಮಾಮೂಲಿ ಚೌಕ ಅಷ್ಟು ಉದ್ದದ್ದನ್ನು ನೇರವಾಗಿ ತೋರಿಸುವುದಿಲ್ಲ, 1.23457ಇ+11 ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಹಿಂದಿನ ಅಂಕಿಗಳು ಹೋದವು. ಬ್ಯಾಂಕ್ ಖಾತೆಯ ನಂಬರು 15 ಅಂಕಿ ಮೀರಿದರೆ ಹದಿನಾರನೆಯದರಿಂದ ಮುಂದೆ ಸೊನ್ನೆ. ಸೊನ್ನೆಯಿಂದ ಶುರುವಾಗುವ ಖಾತೆಯಾದರೆ ಮುಂದಿನ ಸೊನ್ನೆಗಳೇ ಮಾಯ. ಇಂಥ ಪಟ್ಟಿಯಿಂದ ಹೋದ ದುಡ್ಡು ನಿಮ್ಮ ಖಾತೆಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ನಮ್ಮೂರಿನ ಗುಮಾಸ್ತರ ದಡ್ಡತನ ಎಂದುಕೊಳ್ಳಬೇಡಿ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಲ್ಯಾಬುಗಳಿಂದ ಬಂದ ಸಿಎಸ್‌ವಿ ಫೈಲುಗಳನ್ನು ಹಳೇ ಎಕ್ಸೆಲ್ ರೂಪಕ್ಕೆ ಹಾಕುತ್ತಿದ್ದರು. ಹಳೇ ರೂಪದಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕದ್ದು ಸದ್ದಿಲ್ಲದೆ ಬಿದ್ದುಹೋಯಿತು. 15,841 ಕೊರೊನಾ ಸೋಂಕಿತರ ಹೆಸರು ದಿನಗಟ್ಟಲೆ ಲೆಕ್ಕಕ್ಕೇ ಬರಲಿಲ್ಲ, ಅವರ ಸಂಪರ್ಕದಲ್ಲಿದ್ದವರಿಗೆ ತಕ್ಷಣ ಸುದ್ದಿ ಮುಟ್ಟಲಿಲ್ಲ. ಅದೇ ವರ್ಷ ವಿಜ್ಞಾನಿಗಳು ಸೋತು, ಎಕ್ಸೆಲ್ ತಾರೀಖು ಎಂದು ತಿಳಿಯುವ ಕೆಲವು ವಂಶವಾಹಿಗಳ ಹೆಸರನ್ನೇ ಬದಲಿಸಿದರು. ‘ಮಾರ್ಚ್ 1’ ಎಂಬ ವಂಶವಾಹಿ ‘ಮಾರ್ಚ್‌ಎಫ್ 1’ ಆಯಿತು. ಅವರು ಹೆಸರು ಬದಲಿಸಿಕೊಳ್ಳಬಹುದು, ನಾವು ಸರ್ವೆ ನಂಬರು ಬದಲಿಸಲಾದೀತೆ?

ಇಷ್ಟು ಹೊತ್ತು ಹೇಳಿದ್ದು ದಾಟುವಾಗ ಏನು ಕೆಡುತ್ತದೆ ಎಂಬುದು. ದಾಟಿಸುವ ಹಕ್ಕು ಯಾರಿಗೆ ಎಂಬುದು ಇದಕ್ಕಿಂತ ದೊಡ್ಡ ವಿಷಯ.

ಭೂಮಿ ಯೋಜನೆಗೆ ಹೊಗಳಿಕೆ ಬಹಳ ಬಂತು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಮಾಡಿದ ಸಮೀಕ್ಷೆಯಲ್ಲಿ ಕಿಂಡಿಯ ಸೇವೆ ಬಳಸಿದ ರೈತರು ಸುಲಭವಾಗಿದೆ ಎಂದೇ ಹೇಳಿದ್ದರು. ಅದು ಸುಳ್ಳಲ್ಲ. ಒಂದು ಪಹಣಿಗಾಗಿ ಲೆಕ್ಕಿಗರನ್ನು ಹುಡುಕಿಕೊಂಡು ಮೂರು ದಿನ ಅಲೆದವರಿಗೆ ಅದರ ಬೆಲೆ ಗೊತ್ತು. ಆದರೆ 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದರು. ಹಳ್ಳಿಯಲ್ಲಿ ಚದುರಿದ್ದ ದಾಖಲೆ ಒಂದೇ ಕಡೆ ಕೂಡಿಬಂದದ್ದರಿಂದ ಅನುಕೂಲವಾದದ್ದು ಬೆಂಗಳೂರಿನ ಐಟಿ ಕಾರಿಡಾರಿನಲ್ಲಿ ಜಮೀನು ಕೊಳ್ಳಲು ಬಂದ ದೊಡ್ಡವರಿಗೆ, ಲಂಚವೂ ಕಡಿಮೆಯಾಗಲಿಲ್ಲ ಎಂಬುದು ಅವರ ವಾದ. ಅದನ್ನು ಒಪ್ಪದವರೂ ಇದ್ದಾರೆ. ನನಗೆ ಎರಡೂ ಒಟ್ಟಿಗೇ ನಿಜ ಅನ್ನಿಸುತ್ತದೆ. ಕಿಂಡಿಯಲ್ಲಿ ನಿಂತ ರೈತರಿಗೆ ಡಾಟಾಬೇಸ್‌ನಿಂದ ಸಿಗುವುದು ಒಂದು ಸಾಲು, ತಮ್ಮದೇ ಸಾಲು. ಇಡೀ ಊರಿನ ಪಟ್ಟಿ ಶೀಟಿನಲ್ಲಿ ಸಿಕ್ಕವರಿಗೆ ಕಾಣುವುದು ಬೇರೆ: ಹನ್ನೊಂದನೇ ಕಾಲಂನಲ್ಲಿ ಸಾಲ ಇರುವವರು ಯಾರು, ಅಣ್ಣತಮ್ಮಂದಿರ ಹೆಸರು ಜಂಟಿಯಾಗಿ ಉಳಿದಿರುವುದು ಎಲ್ಲಿ, ಖರಾಬು ಎಲ್ಲಿ, ಯಾರ ಬಾಗಿಲು ಮೊದಲು ತಟ್ಟಬೇಕು. ವೈಟ್‌ಫೀಲ್ಡಿನ ಸುತ್ತ ಹೊಲ ಮಾರಿದ ಹಿರಿಯರು ‘ಅವರಿಗೆ ನಮ್ಮ ಮನೆ ವಿಷಯ ನಮಗಿಂತ ಚೆನ್ನಾಗಿ ಗೊತ್ತಿತ್ತು’ ಎನ್ನುವುದನ್ನು ಕೇಳಿದಾಗೆಲ್ಲ ನನಗೆ ಈ ವ್ಯತ್ಯಾಸವೇ ನೆನಪಾಗುತ್ತದೆ.

2007ರ ಜನವರಿಯಲ್ಲೇ ಕೆ.ಆರ್. ಪುರ, ಮಹದೇವಪುರ ಸೇರಿ 7 ನಗರಸಭೆ, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಮಾಡಿದರು. ಮತ್ತೆ ರಿಜಿಸ್ಟರುಗಳ ಮದುವೆ. ಎ ಖಾತೆ, ಬಿ ರಿಜಿಸ್ಟರು ಎಂಬ ಮಾತು ನೀವೂ ಕೇಳಿರುತ್ತೀರಿ. 2024ರಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ 5 ಪಾಲಿಕೆಗಳು ಬಂದವು. ಕೆ.ಆರ್. ಪುರ, ಮಹದೇವಪುರ ಬೆಂಗಳೂರು ಪೂರ್ವಕ್ಕೆ, ಶಿವಾಜಿನಗರ ಕೇಂದ್ರಕ್ಕೆ. 1949ರಲ್ಲಿ ಕೂಡಿಸಿದ್ದನ್ನು ಮತ್ತೆ ಹಂಚಿದ ಹಾಗೆ.

ಮತದಾರರ ಪಟ್ಟಿಯ ವಿಷಯಕ್ಕೂ ಇದೇ ಸೀಮೆ ಸಾಕ್ಷಿ. ಚುನಾವಣಾ ಆಯೋಗದ ಬಳಿ ಪಟ್ಟಿ ಇರುವುದು ಡಾಟಾಬೇಸ್‌ನಲ್ಲಿ. ಸಾರ್ವಜನಿಕರಿಗೆ ಸಿಗುವುದು ಚಿತ್ರರೂಪದ ಪಿಡಿಎಫ್. ಅದರಲ್ಲಿ ಹೆಸರು ಹುಡುಕಲಾಗದು, ಶೀಟಿಗೆ ದಾಟಿಸಲಾಗದು. ಹುಡುಕಬಹುದಾದ ರೂಪದಲ್ಲಿ ಕೊಡಿಸಿ ಎಂದು ಹೋದವರಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮತದಾರರ ಖಾಸಗಿತನಕ್ಕೆ ಧಕ್ಕೆ ಎಂಬುದು ಆಯೋಗದ ನಿಲುವು. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರ ಕ್ಷೇತ್ರದಲ್ಲಿ 1,00,250 ಮತಗಳ ಅಕ್ರಮ ಎಂದು ಆರೋಪಿಸಿದಾಗ ಕಾಗದದ ರಾಶಿಯನ್ನು ತೋರಿಸಿ, ಕೈಯಲ್ಲೇ ತಾಳೆ ನೋಡಲು ತಿಂಗಳುಗಳು ಹಿಡಿದವು ಎಂದರು. ಆಯೋಗ ಆರೋಪ ತಳ್ಳಿಹಾಕಿತು, ಪ್ರಮಾಣ ಮಾಡಿ ಬರೆದುಕೊಡಿ ಎಂದಿತು. ಆರೋಪ ಸರಿಯೋ ತಪ್ಪೋ ತೀರ್ಮಾನಿಸುವ ಜಾಗ ಇದಲ್ಲ. ಶೀಟಿನಲ್ಲಿ ಸಿಕ್ಕಿದ್ದರೆ ಅದನ್ನು ಸಾಬೀತು ಮಾಡಲೂ ಸುಳ್ಳೆಂದು ತೋರಿಸಲೂ ಒಂದು ಮಧ್ಯಾಹ್ನ ಸಾಕಿತ್ತು ಎಂಬುದಷ್ಟೇ ನನ್ನ ಮಾತು.

ಹಾಗಂತ ಎಲ್ಲ ಪಟ್ಟಿಯನ್ನೂ ಎಲ್ಲರಿಗೂ ಕೊಡಿ ಎನ್ನಲು ನನಗೆ ಧೈರ್ಯವಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಜನ ಚುನಾವಣಾ ಸಿಬ್ಬಂದಿಯಂತೆ ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಂಡರು ಎಂಬ ದೂರು ಎದ್ದಿತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಮೂರು ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸಲು ಹೇಳಿ ಅಧಿಕಾರಿಗಳನ್ನು ಅಮಾನತು ಮಾಡಿತು. ಬಾಗಿಲಿಗೆ ಬಂದವರು ಬರೆದುಕೊಂಡ ಮಾಹಿತಿ ಕೊನೆಗೆ ಯಾವ ಶೀಟಿಗೆ ಹೋಗುತ್ತದೆ ಎಂದು ಬಾಗಿಲಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ನಮ್ಮ ಕೈಯಲ್ಲಿರುವ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 2(ಜೆ) ಕಲಮು ಓದಿದರೆ ಫ್ಲಾಪಿ, ಡಿಸ್ಕೆಟ್, ವಿಡಿಯೊ ಕ್ಯಾಸೆಟ್ ಎಂಬ ಹಳೇ ಕಾಲದ ಹೆಸರುಗಳಿವೆ, ನಗು ಬರುತ್ತದೆ. ಆದರೆ ಅದರ ಕೊನೆಗೆ ‘ಬೇರೆ ಯಾವುದೇ ಎಲೆಕ್ಟ್ರಾನಿಕ್ ವಿಧಾನ’ ಎಂದಿದೆ. 7(9)ರಲ್ಲಿ, ಕಚೇರಿಯ ಕೆಲಸಕ್ಕೆ ವಿಪರೀತ ಹೊರೆಯಾಗದ ಹೊರತು ಕೇಳಿದ ರೂಪದಲ್ಲೇ ಕೊಡಬೇಕು ಎಂದಿದೆ. 10 ರೂಪಾಯಿಯ ಅರ್ಜಿ, 30 ದಿನದ ಗಡುವು. ಪಂಚಾಯಿತಿಯ ಕಾಮಗಾರಿ ಬಿಲ್ಲುಗಳ ಪಟ್ಟಿ ಕೇಳುವಾಗ ‘ದೃಢೀಕೃತ ನಕಲು’ ಎಂದಷ್ಟೇ ಬರೆದರೆ ಪುಟಕ್ಕಿಷ್ಟು ಎಂದು ಲೆಕ್ಕ ಹಾಕಿ ಕಾಗದದ ಕಟ್ಟು ಕೊಡುತ್ತಾರೆ. ‘ಕಂಪ್ಯೂಟರಿನಲ್ಲಿರುವ ಪಟ್ಟಿಯನ್ನು ಸ್ಪ್ರೆಡ್‌ಶೀಟ್ ಅಥವಾ ಸಿಎಸ್‌ವಿ ರೂಪದಲ್ಲಿ, ಸಿಡಿ ಇಲ್ಲವೇ ಇಮೇಲ್ ಮೂಲಕ’ ಎಂದು ಬರೆಯಿರಿ. ಆಧಾರ್, ಬ್ಯಾಂಕ್ ಖಾತೆಯಂಥ ಖಾಸಗಿ ಕಾಲಂಗಳನ್ನು ಕೇಳಬೇಡಿ. ಕೇಳಿದರೆ ಆ ನೆಪದಲ್ಲಿ ಇಡೀ ಅರ್ಜಿಯನ್ನೇ ತಳ್ಳಿಹಾಕುತ್ತಾರೆ, 2023ರ ದತ್ತಾಂಶ ರಕ್ಷಣೆ ಕಾಯ್ದೆ ಆ ವಿನಾಯಿತಿಯನ್ನು ಇನ್ನಷ್ಟು ಬಿಗಿ ಮಾಡಿದೆ.

ಫೈಲು ಕೈಗೆ ಬಂದಾಗ ಅದರ ಮೇಲೆ ನೇರವಾಗಿ ಒತ್ತಿ ತೆರೆಯಬೇಡಿ. ಮೊದಲು ಒಂದು ನಕಲು ಮಾಡಿ ಬೇರೆ ಕಡೆ ಇಡಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಖಾಲಿ ಎಕ್ಸೆಲ್ ತೆರೆದು, ಮೇಲಿನ ‘ಡಾಟಾ’ ಮೆನುವಿನಿಂದ ಸಿಎಸ್‌ವಿಯನ್ನು ಒಳಗೆ ತರಿಸಿ. ಸಂಕೇತ ಯಾವುದು ಎಂದು ಕೇಳುವ ಕಡೆ 65001, ಅಂದರೆ ಯುಟಿಎಫ್-8 ಆರಿಸಿ. ಹಾಗೆ ಮಾಡದಿದ್ದರೆ ಕನ್ನಡದ ಜಾಗದಲ್ಲಿ ಗೀಟು ಹೊತ್ತ ‘ಎ’ಗಳೂ ಅವುಗಳ ಪಕ್ಕ ಪುಟ್ಟ 2, ಪುಟ್ಟ 3ಗಳೂ ಸಾಲುಗಟ್ಟಿ ಕಾಣಬಹುದು. ಹಾಗೆ ಕಂಡರೆ ಫೈಲು ಕೆಟ್ಟಿಲ್ಲ, ತೆರೆದ ರೀತಿ ತಪ್ಪು. ಪೌಂಡು ಗುರುತು ಕಂಡರೆ ಅದು ಹಳೇ ನುಡಿ, ಅದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಸರ್ವೆ ನಂಬರು, ಪಿಐಡಿ, ವಿಸ್ತೀರ್ಣದ ಕಾಲಂಗಳಿಗೆ ‘ಟೆಕ್ಸ್ಟ್’ ಎಂದು ಆರಿಸಿ. ಒಟ್ಟು ವಿಸ್ತೀರ್ಣ ಬೇಕಿದ್ದರೆ ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡಿ, ಗುಂಟೆಗಳನ್ನು ಬೇರೆಯಾಗಿ ಕೂಡಿಸಿ, 40ರಿಂದ ಭಾಗಿಸಿ, ಬಂದದ್ದನ್ನು ಎಕರೆಗೆ ಸೇರಿಸಿ, ಶೇಷವನ್ನು ಗುಂಟೆಯಾಗಿ ಬರೆಯಿರಿ.